ಚಿಪ್ಪುಹಂದಿಯ ಬೆಲೆ ಗೊತ್ತು, ಬಸಿರು ಗೊತ್ತಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ಜೀವಂತ ಚಿಪ್ಪುಹಂದಿಯೊಂದನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಮಾರಲು ಹೊರಟಿದ್ದ ಮೂವರನ್ನು ಬಂಧಿಸಿದ ಸುದ್ದಿ ಪ್ರಕಟವಾಗಿತ್ತು. ಅದರಲ್ಲಿ ಆರೋಪಿಗಳ ವಯಸ್ಸು ಇತ್ತು, ವಶಪಡಿಸಿಕೊಂಡ ಬೈಕಿನ ವಿವರ ಇತ್ತು, ಪ್ರಾಣಿಯ ತೂಕ ಇತ್ತು. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅದಕ್ಕೆ ಎಷ್ಟು ಲಕ್ಷ ಬೆಲೆ ಎಂಬುದು ಶೀರ್ಷಿಕೆಯಲ್ಲೇ ಇತ್ತು. ಪ್ರಾಣಿಯ ಬಗ್ಗೆ ಇದ್ದದ್ದು ಒಂದೇ ವಾಕ್ಯ, ಅದೂ ‘ಹಂದಿ ಜಾತಿಗೆ ಸೇರಿದ ಈ ಸರೀಸೃಪ’ ಎಂದು ಆರಂಭವಾಗುತ್ತಿತ್ತು. ಒಂದೇ ಪ್ರಾಣಿ ಹಂದಿಯೂ ಸರೀಸೃಪವೂ ಆಗುವುದು ಹೇಗೆಂಬ ಮಾತು ಆಮೇಲಿರಲಿ. ಆ ಸುದ್ದಿಯನ್ನು ನಾನು ಎರಡು ಸಲ ಓದಿ ಹುಡುಕಿದ್ದು ಬೇರೊಂದು ವಿಷಯವನ್ನು. ಚೀಲದಲ್ಲಿದ್ದದ್ದು ಗಂಡೋ, ಹೆಣ್ಣೋ? ಹೆಣ್ಣಾಗಿದ್ದರೆ ಗಬ್ಬವಾಗಿತ್ತೇ? ಬಿಲದಲ್ಲಿ ಅದರ ಹಾಲಿಗಾಗಿ ಕಾಯುತ್ತಿದ್ದ ಮರಿಯಿತ್ತೇ? ಸುದ್ದಿಯಲ್ಲಿ ಅದರ ಸುಳಿವೂ ಇರಲಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಕಾರಣಕ್ಕೆ.

ನಾನು ಸಾಗರ ತಾಲ್ಲೂಕಿನವನು. 31 ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿ, ಈಗ ಎರಡು ಎಕರೆ ಅಡಿಕೆ ತೋಟವನ್ನೂ ಅದಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟವನ್ನೂ ನೋಡಿಕೊಂಡಿದ್ದೇನೆ. ನಮ್ಮ ಬೆಟ್ಟದಲ್ಲಿ ಚಿಪ್ಪುಹಂದಿ ಇದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಗೊತ್ತಿದ್ದದ್ದು ಅದು ಬಿಟ್ಟುಹೋದ ಗುರುತುಗಳಿಂದ ಮಾತ್ರ. ಬೆಳಿಗ್ಗೆ ಸೊಪ್ಪಿಗೆಂದು ಹೋದಾಗ ಹುತ್ತದ ಬುಡದಲ್ಲಿ ಹಾರೆ ಹಾಕಿ ಅಗೆದಂತೆ ಒಂದು ತೂತು, ಅದರ ಮುಂದೆ ಹಿಂದಕ್ಕೆ ಎರಚಿದ ಹಸಿ ಮಣ್ಣು, ಆ ಮಣ್ಣಿನ ಮೇಲೆ ದಪ್ಪ ಹಗ್ಗ ಎಳೆದುಕೊಂಡು ಹೋದಂತಹ ಬಾಲದ ಗೆರೆ, ಒಡೆದ ಹುತ್ತದ ಬಾಯಲ್ಲಿ ಗೂಡು ರಿಪೇರಿಗೆ ಇಳಿದ ಒರಲೆಗಳು. ಇಷ್ಟನ್ನೇ ನೋಡಿಕೊಂಡು ನನಗೆ ಅರವತ್ತು ವರ್ಷ ದಾಟಿತ್ತು.

ಪ್ರಾಣಿಯನ್ನೇ ಕಂಡದ್ದು ಎರಡು ವರ್ಷದ ಹಿಂದಿನ ಒಂದು ಕಾರ್ತಿಕದ ರಾತ್ರಿ. ಪಕ್ಕದೂರಿನಲ್ಲಿ ತಾಳಮದ್ದಳೆ ಕೇಳಿ ನಾಲ್ಕೈದು ಜನ ನಡೆದು ಬರುತ್ತಿದ್ದೆವು. ಬೇಣದ ಪಕ್ಕದ ದಾರಿಯಲ್ಲಿ, ಬ್ಯಾಟರಿ ಬೆಳಕಿಗೆ ಸಿಕ್ಕಿದ್ದು ಮೊದಲು ಸಿಪ್ಪೆ ಸುಲಿಯದ ದೊಡ್ಡ ಹಲಸಿನ ಕಾಯಿಯಂತೆ ಕಂಡಿತು. ಹತ್ತಿರ ಹೋದರೆ ಉಂಡೆಯಾಗಿ ಮುದುಡಿಕೊಂಡ ಚಿಪ್ಪುಹಂದಿ. ತಲೆ ಕಾಣಿಸುತ್ತಿರಲಿಲ್ಲ, ಕಾಲು ಕಾಣಿಸುತ್ತಿರಲಿಲ್ಲ; ಅಗಲವಾದ ಬಾಲವು ಹೊರಗಿನಿಂದ ಬೀಗ ಹಾಕಿದಂತೆ ಎಲ್ಲವನ್ನೂ ಮುಚ್ಚಿಕೊಂಡಿತ್ತು. ನಮ್ಮ ಜೊತೆಗಿದ್ದ ಹುಡುಗ ಕೋಲಿನಿಂದ ಮುಟ್ಟಹೋಗಿ ಕೈ ಹಿಂದೆಗೆದು, ‘ಮೇಷ್ಟ್ರೇ, ಒಳಗೆ ಇನ್ನೊಂದು ಬಾಲ ಇದೆ’ ಎಂದ. ಬಗ್ಗಿ ನೋಡಿದೆ. ತಾಯಿಯ ಕಂದು ಚಿಪ್ಪುಗಳ ಸಂದಿಯಲ್ಲಿ ಬೆರಳುದ್ದದ, ಬಣ್ಣ ತಿಳಿಯಾದ, ಇನ್ನೂ ಗಟ್ಟಿಯಾಗದ ಚಿಪ್ಪಿನ ಬಾಲದ ತುದಿ. ನಾವು ಬೆಳಕು ಆರಿಸಿ ದೂರ ಸರಿಯುವ ಮೊದಲು ಇನ್ನೊಬ್ಬರು ಹೇಳಿದ ಮಾತು ನನ್ನ ಕಿವಿಯಲ್ಲಿ ಉಳಿದಿದೆ: ‘ಇದಕ್ಕೆ ಲಕ್ಷಗಟ್ಟಲೆ ರೇಟು ಅಂತೆ ಮೇಷ್ಟ್ರೇ, ಪೇಪರಲ್ಲೇ ಬಂದಿತ್ತು.’ ಹೇಳಿದವರು ಕೆಟ್ಟವರಲ್ಲ, ಬೇಟೆಯವರೂ ಅಲ್ಲ. ಆ ಪ್ರಾಣಿಯ ಬಗ್ಗೆ ಅವರು ಪತ್ರಿಕೆಯಿಂದ ಕಲಿತದ್ದು ಅಷ್ಟು ಮಾತ್ರ.

ಈಗ ಹಂದಿ ಮತ್ತು ಸರೀಸೃಪದ ಮಾತಿಗೆ ಬರುತ್ತೇನೆ. ಚಿಪ್ಪುಹಂದಿ ಸಸ್ತನಿ; ಮರಿ ಹಾಕಿ ಹಾಲೂಡಿಸುವ ಬಿಸಿರಕ್ತದ ಪ್ರಾಣಿ. ಮೈಮೇಲಿನ ಚಿಪ್ಪು ಮೀನಿನ ಹುರುಪೆಯಲ್ಲ, ಆಮೆಯ ಚಿಪ್ಪಿನಂತೆ ಎಲುಬಿನದೂ ಅಲ್ಲ. ನಮ್ಮ ಉಗುರು, ಕೂದಲು, ದನದ ಗೊರಸು ಯಾವ ಕೆರಾಟಿನ್ನಿನಿಂದ ಆಗಿವೆಯೋ ಅದೇ ಕೆರಾಟಿನ್ನಿನಿಂದ ಆದದ್ದು. ನಮ್ಮ ದೇಶದ ಬಗೆಯಲ್ಲಿ ಇಂತಹ ಚಿಪ್ಪುಗಳು ಸುಮಾರು 160ರಿಂದ 200 ಇರುತ್ತವೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಸಾಲಾಗಿ. ಏಷ್ಯಾದ ಬಗೆಗಳಲ್ಲಿ ಚಿಪ್ಪುಗಳ ನಡುವೆ ಬಿರುಸಾದ ಕೂದಲೂ ಇರುತ್ತದೆ, ಆಫ್ರಿಕದವುಗಳಲ್ಲಿ ಇರುವುದಿಲ್ಲ. ಬೆಳೆದ ಗಂಡು ಹೆಣ್ಣಿಗಿಂತ ಗಮನಾರ್ಹವಾಗಿ ದಪ್ಪ. ಸಾಮಾನ್ಯವಾಗಿ 10ರಿಂದ 16 ಕೆ.ಜಿ. ತೂಗುವ ಈ ಪ್ರಾಣಿಗೆ ಇನ್ನು ‘ಹಂದಿ’ ಎಂಬ ಹೆಸರನ್ನು ಯಾರು ಏಕೆ ಕೊಟ್ಟರೋ, ಬಹುಶಃ ನೆಲ ಮೂಸಿಕೊಂಡು ನಡೆಯುವ ಚೂಪು ಮೂತಿಯನ್ನೂ ಗುಡ್ಡೆ ಬೆನ್ನನ್ನೂ ನೋಡಿ ಕೊಟ್ಟಿರಬೇಕು. ಮಲಯ ಭಾಷೆಯವರು ‘ಉರುಟಾಗಿ ಸುತ್ತಿಕೊಳ್ಳುವುದು’ ಎಂಬ ಅರ್ಥದಲ್ಲಿ ಕರೆದ ಹೆಸರೇ ಪ್ಯಾಂಗೊಲಿನ್ ಆಗಿ ಲೋಕಕ್ಕೆಲ್ಲ ಹರಡಿತು. ವಂಶದ ಲೆಕ್ಕದಲ್ಲಿ ಇದರ ಹತ್ತಿರದ ನೆಂಟರು ಹಂದಿಯಲ್ಲ, ದಕ್ಷಿಣ ಅಮೆರಿಕದ ಇರುವೆಬಾಕವೂ ಅಲ್ಲ; ಬೆಕ್ಕು, ನಾಯಿ, ಕರಡಿಗಳ ಗುಂಪು. ಜರ್ಮನಿಯ ಮೆಸೆಲ್ ಎಂಬಲ್ಲಿ ಸಿಕ್ಕ ಸುಮಾರು 4.7 ಕೋಟಿ ವರ್ಷದ ಹಿಂದಿನ ಪಳೆಯುಳಿಕೆಯಲ್ಲೇ ಈ ವಂಶದ ಗುರುತು ಇದೆ.

ಒಂದು ತಮಾಷೆಯನ್ನು ಇಲ್ಲಿ ಹೇಳದೆ ಇರಲಾರೆ. ಹಂದಿಗೂ ಚಿಪ್ಪುಹಂದಿಗೂ ಒಂದು ಹೋಲಿಕೆ ನಿಜವಾಗಿಯೂ ಇದೆ. ಅದು ಮೂತಿಯಲ್ಲಲ್ಲ, ಮಾಸಿನಲ್ಲಿ. ಬೆಕ್ಕು ನಾಯಿಗಳಲ್ಲಿ ಮಾಸು ಗರ್ಭದ ಸುತ್ತ ಒಂದು ಪಟ್ಟಿಯಂತೆ ಅಂಟಿಕೊಂಡು ಗರ್ಭಕೋಶದ ಗೋಡೆಯೊಳಕ್ಕೆ ಕೊರೆದುಕೊಳ್ಳುತ್ತದೆ. ಚಿಪ್ಪುಹಂದಿಯಲ್ಲಿ ಹಾಗಲ್ಲ, ಹಂದಿ ಮತ್ತು ಕುದುರೆಗಳಲ್ಲಿರುವಂತೆ ಅದು ಗರ್ಭಕೋಶದ ಒಳಮೈಗೆ ಉದ್ದಕ್ಕೂ ಹರಡಿಕೊಂಡು, ಕೊರೆಯದೆ, ಬರಿದೆ ತಾಗಿಕೊಂಡಿರುತ್ತದೆ. ಹೆಸರಿಟ್ಟ ಹಿರಿಯರು ಹೊಟ್ಟೆ ಬಗೆದು ನೋಡಿರಲಿಕ್ಕಿಲ್ಲ, ಆದರೂ ಹೆಸರಿಗೆ ಅಷ್ಟಾದರೂ ಆಧಾರ ಸಿಕ್ಕಿತು.

ಇದರ ಬಾಯಿಯಲ್ಲಿ ಒಂದೂ ಹಲ್ಲಿಲ್ಲ. ಹಲ್ಲಿನ ಎನಾಮಲ್ ಕಟ್ಟಬೇಕಾದ ಜೀನುಗಳು ಇದರ ವಂಶವಾಹಿಯಲ್ಲಿ ಕೆಟ್ಟು ನಿಂತಿವೆ ಎಂದು 2016ರಲ್ಲಿ ಪ್ರಕಟವಾದ ಜಿನೋಮ್ ಅಧ್ಯಯನ ತೋರಿಸಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಕಂಡುಬಂದಿತ್ತು: ಚರ್ಮ ಮತ್ತು ಒಳಪೊರೆಗಳನ್ನು ಸೋಂಕಿನಿಂದ ಕಾಯುವ ಒಂದು ಇಂಟರ್‌ಫೆರಾನ್ ಜೀನು ಕೂಡ ಇವುಗಳಲ್ಲಿ ಕೆಲಸ ಮಾಡುವುದಿಲ್ಲ. ಹಲ್ಲಿನ ಕೆಲಸವನ್ನು ಹೊಟ್ಟೆ ಮಾಡುತ್ತದೆ. ಅಂಟುಜೊಲ್ಲು ಸವರಿದ ನಾಲಿಗೆಯ ಬುಡ ಗಂಟಲಲ್ಲಿ ಇರದೆ ಎದೆಗೂಡಿನ ಕೆಳತುದಿಯ ಹತ್ತಿರ ಇರುತ್ತದೆ. ಬೇಡದಾಗ ಅದು ಮಡಚಿಕೊಂಡು ಎದೆಯೊಳಗೇ ಕೂರುತ್ತದೆ. ಬೇಕಾದಾಗ ಹುತ್ತದ ಸುರಂಗದೊಳಕ್ಕೆ ಇಳಿದು ಒರಲೆಯನ್ನೂ ಮೊಟ್ಟೆಯನ್ನೂ ಅಂಟಿಸಿಕೊಂಡು ಬರುತ್ತದೆ. ನುಂಗಿದ್ದನ್ನು ಜಠರದ ಗಟ್ಟಿ ಗೋಡೆ, ಜೊತೆಗೆ ನುಂಗಿದ ಸಣ್ಣ ಕಲ್ಲುಗಳ ಸಹಾಯದಿಂದ ಬೀಸುವ ಕಲ್ಲಿನಂತೆ ಅರೆಯುತ್ತದೆ. ಇರುವೆ ಕಚ್ಚಬಾರದೆಂದು ಮೂಗಿನ ಹೊಳ್ಳೆಯನ್ನೂ ಕಿವಿಯನ್ನೂ ಮುಚ್ಚಿಕೊಳ್ಳುತ್ತದೆ, ಕಣ್ಣಿಗೆ ದಪ್ಪ ರೆಪ್ಪೆ ಇದೆ. ನಮ್ಮ ಕಡೆ ಚಗಳಿ ಎಂಬ ಕೆಂಪಿರುವೆಯ ಚಟ್ನಿ ಮಾಡಲು ಗೂಡು ಇಳಿಸುವವರು ಮೈಯೆಲ್ಲ ಬೂದಿ ಬಳಿದುಕೊಳ್ಳುವುದನ್ನು ನೋಡಿದವರಿಗೆ ಈ ರೆಪ್ಪೆಯ ಬೆಲೆ ತಿಳಿಯುತ್ತದೆ.

ಇಷ್ಟು ಹೇಳಿದ್ದು ಆಹಾರದ ವಿಚಾರಕ್ಕೆ. ನನ್ನ ಮುಖ್ಯ ವಿಷಯ ಬಸಿರಿನದು. ಚಿಪ್ಪುಹಂದಿ ಒಂಟಿ ಜೀವಿ. ಗಂಡು ಹೆಣ್ಣುಗಳು ಬೆದೆಯ ಕಾಲದಲ್ಲಿ ಮಾತ್ರ ಸೇರುತ್ತವೆ, ಅದೂ ವಾಸನೆಯ ಜಾಡು ಹಿಡಿದು. ಇದರ ಕಣ್ಣು ಮಂದ, ಮೂಗು ಚುರುಕು, ಗುದದ ಬಳಿಯ ಗ್ರಂಥಿಗಳಿಂದ ಒಸರುವ ಘಾಟು ದ್ರವವೇ ಇವುಗಳ ನಡುವಿನ ಅಂಚೆ. ಗಂಡಿನ ವೃಷಣಗಳು ಜೋತಾಡುವ ಚೀಲದಲ್ಲಿ ಇರದೆ ತೊಡೆಸಂದಿಯ ಚರ್ಮದ ಮಡಿಕೆಯಲ್ಲಿ ಅಡಗಿರುವುದರಿಂದ, ಹೊರನೋಟಕ್ಕೆ ಗಂಡು ಯಾವುದು ಹೆಣ್ಣು ಯಾವುದು ಎಂದು ಹೇಳುವುದು ಅಷ್ಟು ಸುಲಭವಲ್ಲ; ಉಂಡೆಯಾಗಿ ಸುತ್ತಿಕೊಂಡಿದ್ದರಂತೂ ಸಾಧ್ಯವೇ ಇಲ್ಲ. ವರದಿಗಾರರ ಮೇಲೆ ನಾನು ಎಲ್ಲ ತಪ್ಪನ್ನೂ ಹೊರಿಸದೆ ಇರುವುದು ಇದಕ್ಕಾಗಿಯೇ. ಬಲವಂತವಾಗಿ ಬಿಡಿಸಿ ನೋಡಿದರೆ ಪ್ರಾಣಿಗೆ ಪೆಟ್ಟಾಗುತ್ತದೆ. ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಟ್ಟು, ಅದಾಗಿಯೇ ಬಿಚ್ಚಿಕೊಳ್ಳುವವರೆಗೆ ಕಾದು ನೋಡಬೇಕು.

ಗರ್ಭಾವಧಿಯ ಕತೆ ಇನ್ನೂ ಸ್ವಾರಸ್ಯದ್ದು. ಹಳೆಯ ಪುಸ್ತಕಗಳಲ್ಲಿ ಭಾರತದ ಚಿಪ್ಪುಹಂದಿಯ ಗರ್ಭಾವಧಿ 65ರಿಂದ 70 ದಿನ ಎಂದು ಅಚ್ಚಾಗಿದೆ, ಒಂದನ್ನು ನೋಡಿ ಇನ್ನೊಂದು ಎತ್ತಿಕೊಂಡು ಈಗಲೂ ಅಚ್ಚಾಗುತ್ತಿದೆ. ನಾನೇ ಎಷ್ಟೋ ವರ್ಷ ಮಕ್ಕಳಿಗೆ ಇದನ್ನೇ ಬರೆಸಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು. ಒಡಿಶಾದ ಭುವನೇಶ್ವರದ ಬಳಿಯ ನಂದನಕಾನನ ಪ್ರಾಣಿಸಂಗ್ರಹಾಲಯದಲ್ಲಿ ಇವುಗಳನ್ನು ಸಾಕಿ ಹತ್ತಿರದಿಂದ ಗಮನಿಸಿದ ಮೇಲೆ ಈ ಅವಧಿ ಐದು ತಿಂಗಳಿಗೂ ಹೆಚ್ಚು, ಸುಮಾರು 165 ದಿನ ಎಂಬ ಲೆಕ್ಕ ಬಂದಿದೆ. ದಕ್ಷಿಣ ಆಫ್ರಿಕದ ನೆಲದ ಚಿಪ್ಪುಹಂದಿಗೆ ನಾಲ್ಕೂವರೆ ತಿಂಗಳ ಆಸುಪಾಸು, ಚೀನಾದ ಬಗೆಗೆ ಆರು ತಿಂಗಳು ಮೀರಿ. ಹಳೆಯ ಲೆಕ್ಕ ಹೇಗೆ ತಪ್ಪಿತೆಂದು ಊಹಿಸುವುದು ಕಷ್ಟವಲ್ಲ. ರಾತ್ರಿ ಬಿಲದೊಳಗೆ ಬದುಕುವ ಪ್ರಾಣಿಯ ಕೂಟವನ್ನು ಒಮ್ಮೆ ಯಾರೋ ಕಂಡು, ಆ ದಿನದಿಂದ ಎಣಿಸಿದರೆ, ಅದಕ್ಕಿಂತ ಮೊದಲು ಕಾಣದೆ ನಡೆದ ಕೂಟ ಲೆಕ್ಕಕ್ಕೆ ಬರುವುದಿಲ್ಲ. ಹಸುವಿಗೆ ಹೋರಿ ಕೊಟ್ಟ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವ ಮನೆಯವರಿಗೂ ಒಮ್ಮೊಮ್ಮೆ ದಿನ ತಪ್ಪುತ್ತದೆಯಲ್ಲ.

ಈ ವ್ಯತ್ಯಾಸ ಪುಸ್ತಕದ ಅಂಕಿಯೊಂದನ್ನು ತಿದ್ದುವಲ್ಲಿಗೆ ಮುಗಿಯುವುದಿಲ್ಲ. ಎರಡು ತಿಂಗಳ ಗಬ್ಬವೆಂದರೆ ವರ್ಷಕ್ಕೆ ಎರಡು ಮೂರು ಸೂಲು ಆಗಬಹುದು ಎಂಬ ಭಾವನೆ ಬರುತ್ತದೆ, ಹಿಡಿದದ್ದು ಬೇಗ ತುಂಬಿಕೊಳ್ಳುತ್ತದೆ ಎಂಬ ಸಮಾಧಾನವೂ ಅದರ ಹಿಂದೆಯೇ ಬರುತ್ತದೆ. ಐದು ತಿಂಗಳಿಗೂ ಮೀರಿದ ಗಬ್ಬ, ಅದರ ಮೇಲೆ ತಿಂಗಳುಗಟ್ಟಲೆ ಮರಿಯ ಪಾಲನೆ ಎಂದಾದಾಗ ಆ ಸಮಾಧಾನ ನಿಲ್ಲುವುದಿಲ್ಲ. ಸೂಲಿಗೆ ಒಂದೇ ಮರಿ. ಎರಡು ಹುಟ್ಟಿದ ಉದಾಹರಣೆಗಳು ಅಪರೂಪ. ಊರಹಂದಿ ಒಂದು ಸೂಲಿಗೆ ಎಂಟು ಹತ್ತು ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಸಲ ಹಾಕುವುದೂ ಉಂಟು. ‘ಹಂದಿ ಜಾತಿ’ ಎಂದು ಓದಿದ ಓದುಗರ ತಲೆಯಲ್ಲಿ ಮೂಡುವುದು ಈ ಹಿಂಡುಮರಿಗಳ ಚಿತ್ರವೇ. ಆ ಒಂದು ಪದವನ್ನು ನಾನು ಇಷ್ಟು ಹಿಡಿದುಕೊಂಡದ್ದು ವ್ಯಾಕರಣದ ಹಟದಿಂದಲ್ಲ.

ಹುಟ್ಟುವ ಮರಿ ಕಾಲು ಕೆ.ಜಿ.ಯ ಹತ್ತಿರದಿಂದ ನಾನೂರು ಗ್ರಾಂವರೆಗೆ ತೂಗುತ್ತದೆ. ಕಣ್ಣು ತೆರೆದೇ ಹುಟ್ಟುತ್ತದೆ. ಚಿಪ್ಪುಗಳು ಇರುತ್ತವೆ, ಆದರೆ ಮೆತ್ತಗೆ, ತಿಳಿಬಣ್ಣದಲ್ಲಿ; ಹೊರಗೆ ಬರುವಾಗ ತಾಯಿಗೆ ಗಾಯವಾಗದಿರಲು ಹಾಗೆ ಇರಲೇಬೇಕು. ಗಾಳಿ ಸೋಕಿದ ಕೆಲವು ದಿನಗಳಲ್ಲಿ ಅವು ಗಟ್ಟಿಯಾಗತೊಡಗುತ್ತವೆ. ತಾಯಿಗೆ ಎದೆಯ ಭಾಗದಲ್ಲಿ ಎರಡೇ ಮೊಲೆ. ಮೊದಮೊದಲು ಮರಿ ಬಿಲದಲ್ಲೇ ಇರುತ್ತದೆ. ತಾಯಿ ರಾತ್ರಿ ಒರಲೆ ಹುಡುಕಲು ಹೋಗಿ ಬಂದು ಹಾಲೂಡಿಸುತ್ತದೆ, ಹಗಲು ಬಿಲದ ಬಾಯನ್ನು ಒಳಗಿನಿಂದ ಮಣ್ಣು ಮುಚ್ಚಿಕೊಂಡು ಮರಿಯನ್ನು ಮಡಿಲೊಳಗೆ ಸುತ್ತಿಕೊಂಡು ಮಲಗುತ್ತದೆ. ಆಮೇಲೆ ಮರಿ ತಾಯಿಯ ಬಾಲದ ಬುಡದ ಮೇಲೆ ಅಡ್ಡಲಾಗಿ ಕುಳಿತು, ಚಿಪ್ಪುಗಳಿಗೆ ಉಗುರು ಸಿಕ್ಕಿಸಿಕೊಂಡು ಸವಾರಿ ಹೊರಡುತ್ತದೆ. ಅಪಾಯ ಕಂಡರೆ ಮರಿ ತಾಯಿಯ ಹೊಟ್ಟೆಯ ಕಡೆಗೆ ಜಾರುತ್ತದೆ, ತಾಯಿ ಅದರ ಸುತ್ತ ಸುತ್ತಿಕೊಳ್ಳುತ್ತದೆ. ಅಂದು ರಾತ್ರಿ ಆ ಹುಡುಗ ಕಂಡ ‘ಇನ್ನೊಂದು ಬಾಲ’ ಇದೇ.

ನಾವು ನಲವತ್ತು ಅಡಿ ಹಿಂದೆ ಸರಿದು, ಗಾಳಿ ನಮ್ಮ ಕಡೆ ಬೀಸುತ್ತಿದ್ದ ಒಂದು ಮತ್ತಿಮರದ ಬುಡದಲ್ಲಿ ನಿಂತೆವು. ತಿಂಗಳ ಬೆಳಕು ಸಾಕಷ್ಟಿತ್ತು. ಇಪ್ಪತ್ತು ನಿಮಿಷ ಉಂಡೆ ಅಲುಗಲಿಲ್ಲ. ಆಮೇಲೆ ಬಾಲದ ಅಂಚು ಸಡಿಲಾಯಿತು, ಅದರಡಿಯಿಂದ ಮೂಗು ಮಾತ್ರ ಹೊರಬಂದು ಗಾಳಿಯನ್ನು ಮೂಸಿ ಮತ್ತೆ ಒಳಗೆ ಹೋಯಿತು. ಎರಡನೆಯ ಸಲ ಮೂಗು ಬಂದಾಗ ಹಿಂದೆಯೇ ತಲೆ ಬಂತು, ಬೆನ್ನು ನೇರವಾಯಿತು, ಮರಿ ಹೊಟ್ಟೆಯಡಿಯಿಂದ ತೆವಳಿ ಬಾಲ ಹತ್ತಿತು. ಮುಂಗಾಲಿನ ಉದ್ದ ಉಗುರುಗಳನ್ನು ಒಳಮಡಚಿ, ಮಣಿಕಟ್ಟಿನ ಮೇಲೆ ಊರಿಕೊಂಡು, ಮುದುಕರಂತೆ ನಿಧಾನವಾಗಿ ನಡೆದು ದರೆ ಇಳಿದು ಹೋಯಿತು. ಚಿಪ್ಪು ಚಿಪ್ಪಿಗೆ ತಾಗುವ ಸಣ್ಣ ಸದ್ದು, ಒಣ ಅಡಿಕೆ ಹಾಳೆ ಎಳೆದಂತೆ, ಸ್ವಲ್ಪ ಹೊತ್ತು ಕೇಳುತ್ತಿತ್ತು.

ಈ ಮುದುಡುವ ಗುಣ ಹುಲಿ ಚಿರತೆಗಳ ಎದುರು ಕೆಲಸ ಮಾಡುತ್ತದೆ. ಗಿರ್ ಅರಣ್ಯದಲ್ಲಿ ಸಿಂಹಗಳು ಇದನ್ನು ಉರುಳಾಡಿಸಿ ಕಚ್ಚಿ ನೋಡಿ ಸೋತು ಬಿಟ್ಟುಹೋದ ಚಿತ್ರಗಳನ್ನು ನೀವೂ ನೋಡಿರಬಹುದು. ಮನುಷ್ಯನ ಎದುರು ಇದೇ ಗುಣ ಮುಳುವಾಯಿತು. ಓಡದ, ಕಚ್ಚದ, ಕೂಗದ ಪ್ರಾಣಿಯನ್ನು ತೆಂಗಿನಕಾಯಿ ಎತ್ತಿಕೊಂಡಂತೆ ಎತ್ತಿ ಚೀಲಕ್ಕೆ ಹಾಕಬಹುದು. ಹೆಣ್ಣನ್ನು ಹೀಗೆ ಎತ್ತಿದವನು, ಮರಿ ಮಡಿಲಲ್ಲಿದ್ದರೆ ಎರಡನ್ನೂ ಒಟ್ಟಿಗೆ ಎತ್ತಿರುತ್ತಾನೆ. ಮರಿ ಬಿಲದಲ್ಲಿದ್ದರೆ ಅದು ಹಾಲಿಲ್ಲದೆ ಅಲ್ಲೇ ಸಾಯುತ್ತದೆ, ಯಾವ ಪ್ರಕರಣದಲ್ಲೂ ಅದರ ಲೆಕ್ಕ ಸೇರುವುದಿಲ್ಲ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಟ್ಟಿರುವ ಟ್ರಾಫಿಕ್ ಸಂಸ್ಥೆಯ ಲೆಕ್ಕದ ಪ್ರಕಾರ 2018ರಿಂದ 2022ರವರೆಗಿನ ಐದು ವರ್ಷಗಳಲ್ಲಿ ಭಾರತದಲ್ಲಿ 342 ಪ್ರಕರಣಗಳಲ್ಲಿ 1,203 ಚಿಪ್ಪುಹಂದಿಗಳು ಅಕ್ರಮ ವ್ಯಾಪಾರದಲ್ಲಿ ಸಿಕ್ಕಿವೆ. ಸಿಕ್ಕಿಬಿದ್ದವು ಮಾತ್ರ ಇಷ್ಟು. ಇವುಗಳಲ್ಲಿ ಅರ್ಧ ಹೆಣ್ಣೆಂದು ಸುಮ್ಮನೆ ಇಟ್ಟುಕೊಳ್ಳಿ. ಆರುನೂರು ತಾಯಂದಿರ ಜೊತೆಗೆ ಅವು ಮುಂದೆ ವರ್ಷಕ್ಕೊಂದರಂತೆ ಹಾಕಬೇಕಾಗಿದ್ದ ಮರಿಗಳೂ ಹೋದವು.

‘ಮೊಸಳೆಗೆ ಮಾಡಿದಂತೆ ಇದಕ್ಕೂ ಮಾಡಿದರಾಯಿತು, ಸಾಕಿ ಮರಿ ಮಾಡಿಸಿ ಕಾಡಿಗೆ ಬಿಟ್ಟರಾಯಿತು’ ಎಂದು ಗೆಳೆಯರೊಬ್ಬರು ನನ್ನೊಡನೆ ವಾದಿಸಿದರು. 1975ರಲ್ಲಿ ಶುರುವಾದ ಮೊಸಳೆ ಯೋಜನೆ ಗೆದ್ದದ್ದು ನಿಜ. ಆದರೆ ಉದ್ದ ಮೂತಿಯ ಮೊಸಳೆಯಾದ ಘರಿಯಾಲ್ ಒಂದು ಸಲಕ್ಕೆ ಮೂವತ್ತು ನಲವತ್ತು ಮೊಟ್ಟೆ ಇಡುತ್ತದೆ. ಮೊಟ್ಟೆಯನ್ನು ಎತ್ತಿ ತಂದು ಮರಳಿನಲ್ಲಿ ಹೂತು ಕಾಪಾಡಬಹುದು. ಚಿಪ್ಪುಹಂದಿಯ ಬಸಿರನ್ನು ಹಾಗೆ ಎತ್ತಿ ತರಲಾಗುವುದಿಲ್ಲ. ನಂದನಕಾನನದಲ್ಲಿ ಕೇಂದ್ರ ಪ್ರಾಣಿಸಂಗ್ರಹಾಲಯ ಪ್ರಾಧಿಕಾರದ ನೆರವಿನಿಂದ 2008ರಲ್ಲಿ ಇದಕ್ಕೆಂದೇ ಸಂತಾನಾಭಿವೃದ್ಧಿ ಕೇಂದ್ರ ಆರಂಭವಾಗಿ, ಮರಿಗಳೂ ಹುಟ್ಟಿವೆ. ಕೆಲಸ ಮೆಚ್ಚತಕ್ಕದ್ದು, ಸಂಖ್ಯೆ ಮಾತ್ರ ಬೆರಳೆಣಿಕೆಯದು. ಇವು ಕೂಡಿಹಾಕಿದ ಕಡೆ ಒತ್ತಡಕ್ಕೆ ಸಿಕ್ಕು ಹೊಟ್ಟೆಹುಣ್ಣು, ನ್ಯುಮೋನಿಯಾಗಳಿಂದ ಸಾಯುವುದು ಹೆಚ್ಚು. ಬದಲಿ ಆಹಾರಕ್ಕೆ ಒಗ್ಗಿಸುವುದೇ ದೊಡ್ಡ ಸಾಹಸ.

ಪ್ರಾಗ್ ನಗರದ ಪ್ರಾಣಿಸಂಗ್ರಹಾಲಯದ ಉದಾಹರಣೆಯನ್ನೇ ನೋಡಿ. ಚೀನಾ ಬಗೆಯ ಚಿಪ್ಪುಹಂದಿಯನ್ನು ಸಾಕುವುದರಲ್ಲಿ ಪಳಗಿದ ತೈಪೆಯ ಪ್ರಾಣಿಸಂಗ್ರಹಾಲಯ 2022ರಲ್ಲಿ ಒಂದು ಜೋಡಿಯನ್ನು ಅಲ್ಲಿಗೆ ಕಳಿಸಿತ್ತು. 2023ರ ಫೆಬ್ರುವರಿ 2ರಂದು ಅಲ್ಲಿ ಹೆಣ್ಣುಮರಿ ಹುಟ್ಟಿತು. ಯುರೋಪಿನಲ್ಲಿ ಸಾಕಿದ ಚಿಪ್ಪುಹಂದಿಗೆ ಮರಿಯಾದದ್ದು ಅದೇ ಮೊದಲು. ತೂಕ 135 ಗ್ರಾಂ, ನಮ್ಮ ಎರಡು ಕೋಳಿಮೊಟ್ಟೆಗಿಂತ ಸ್ವಲ್ಪ ಹೆಚ್ಚು. ಪೈನ್ ಮರದ ಕಾಯಿಯ ಹಾಗೆ ಕಂಡದ್ದರಿಂದ ಅದಕ್ಕೆ ಆ ಅರ್ಥದ ‘ಷಿಷ್ಕಾ’ ಎಂಬ ಹೆಸರಿಟ್ಟರು. ಕೆಲವೇ ದಿನಗಳಲ್ಲಿ ಮರಿಯ ತೂಕ ಇಳಿಯತೊಡಗಿತು, ತಾಯಿಗೆ ಹಾಲು ಸಾಲದು ಎಂದು ತಿಳಿಯಿತು. ತೈಪೆಯ ಅನುಭವಿಗಳನ್ನು ಕೇಳಿ, ಬೆಕ್ಕಿನ ಹಾಲು ಕುಡಿಸಿ, ತಾಯಿಯಲ್ಲಿ ಹಾಲು ಹೆಚ್ಚುವಂತೆ ಆರೈಕೆ ಮಾಡಿ ಮರಿಯನ್ನು ಉಳಿಸಿದರು. ಒಂದು ಮರಿ ಉಳಿಸಲು ಎರಡು ಖಂಡಗಳ ಜಾಣರು ಸೇರಬೇಕಾಯಿತು. ನಮ್ಮ ಬೆಟ್ಟದ ಬಿಲದಲ್ಲಿ ಒಂಟಿ ಹೆಣ್ಣೊಂದು ಇದನ್ನೇ ಯಾರ ಸಹಾಯವೂ ಇಲ್ಲದೆ, ಬರಿ ಒರಲೆ ತಿಂದುಕೊಂಡು, ನಡೆಸುತ್ತದೆ.

ಇನ್ನು ಬೆಲೆಯ ವಿಚಾರ. ಚೀನಾ ಮತ್ತು ವಿಯೆಟ್ನಾಂಗಳ ಕೆಲವು ನಾಟಿ ಔಷಧಗಳಲ್ಲಿ ಚಿಪ್ಪನ್ನು ಬಳಸುತ್ತಿದ್ದರು. ಅದರಲ್ಲಿ ಒಂದು ಉಪಯೋಗ ಎದೆಹಾಲು ಹೆಚ್ಚಿಸುವುದಂತೆ. ಹಾಲೂಡುತ್ತಿರುವ ಒಬ್ಬ ತಾಯಿಗೆ ಹಾಲು ಹೆಚ್ಚಲೆಂದು ಹಾಲೂಡುತ್ತಿರುವ ಇನ್ನೊಂದು ತಾಯಿಯನ್ನು ಕೊಲ್ಲುವುದು, ಅದೂ ಉಗುರಿನ ಪುಡಿಗಾಗಿ. 2019ರ ಏಪ್ರಿಲಿನಲ್ಲಿ ಸಿಂಗಪುರದ ಬಂದರಿನಲ್ಲಿ ಒಂದೇ ವಾರದೊಳಗೆ ತಲಾ ಹನ್ನೆರಡು ಟನ್ನಿಗೂ ಮೀರಿದ ಎರಡು ಸರಕು ಚಿಪ್ಪುಗಳು ಸಿಕ್ಕಿಬಿದ್ದವು, ಎರಡೂ ಆಫ್ರಿಕದಿಂದ ಹೊರಟವು. ಅದಕ್ಕೂ ಮೊದಲೇ, 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸೇರಿದ ಸೈಟಿಸ್ (ಅಳಿವಿನ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಮಾವೇಶವು ಎಂಟೂ ಬಗೆಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವಾಣಿಜ್ಯವನ್ನು ನಿಷೇಧಿಸುವ ತೀರ್ಮಾನ ಮಾಡಿತ್ತು. 2020ರಲ್ಲಿ ಚೀನಾ ತನ್ನ ಅಧಿಕೃತ ಔಷಧಕೋಶದ ಕಚ್ಚಾವಸ್ತುಗಳ ಪಟ್ಟಿಯಿಂದ ಚಿಪ್ಪನ್ನು ಕೈಬಿಟ್ಟಿತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲೇ, ಇದು ಇದೆ. ಹಿಡಿದವರಿಗೆ ಮೂರರಿಂದ ಏಳು ವರ್ಷ ಸೆರೆವಾಸ.

ಕಾನೂನು ಇಷ್ಟು ಬಿಗಿಯಾಗಿರುವಾಗ ನಮ್ಮ ಕಡೆಯ ಹಳ್ಳಿಯ ಹುಡುಗನೊಬ್ಬ ಚಿಪ್ಪುಹಂದಿಯನ್ನು ಚೀಲಕ್ಕೆ ಹಾಕುವುದು ಯಾವ ಧೈರ್ಯದಿಂದ? ಬೆಲೆಯ ಸುದ್ದಿ ಓದಿ. ಅವನಿಗೆ ಕೊಳ್ಳುವವರು ಯಾರೆಂದು ಗೊತ್ತಿರುವುದಿಲ್ಲ, ಬಹಳ ಸಲ ಕೊಳ್ಳುವವರೇ ಇರುವುದಿಲ್ಲ. ಎರಡು ತಲೆಯ ಹಾವೆಂದು ಮಣ್ಣುಮುಕ್ಕ ಹಾವನ್ನು ಕೋಟಿ ರೂಪಾಯಿಗೆ ಮಾರಹೋಗಿ ಜೈಲು ಸೇರಿದವರ ಕತೆ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಬಂದಿಲ್ಲ? ಪ್ರತಿ ಸಲವೂ ಬೆಲೆ ಶೀರ್ಷಿಕೆಯಲ್ಲಿ ಬಂತು, ಪ್ರತಿ ಸಲವೂ ಹೊಸಬನೊಬ್ಬ ಚೀಲ ಹಿಡಿದು ಹೊರಟ. ಪೊಲೀಸರು ಹೇಳಿದ ಅಂಕಿಯನ್ನೇ ನೀವು ಅಚ್ಚು ಹಾಕುತ್ತೀರಿ ಎಂಬುದನ್ನು ಬಲ್ಲೆ. ಆದರೆ ಕದ್ದ ಮಾಲಿಗೆ ಇಲ್ಲದ ಮಾರುಕಟ್ಟೆಯ ದರವನ್ನು ಪ್ರಕಟಿಸಲೇಬೇಕೆಂಬ ನಿಯಮ ಪತ್ರಿಕೋದ್ಯಮದಲ್ಲಿ ಇದ್ದಂತಿಲ್ಲ. ಆ ಜಾಗದಲ್ಲಿ ‘ವರ್ಷಕ್ಕೆ ಒಂದೇ ಮರಿ ಹಾಕುವ’ ಎಂಬ ನಾಲ್ಕು ಪದಗಳನ್ನು ಹಾಕಿ ನೋಡಿ.

ಅರಣ್ಯ ಸಿಬ್ಬಂದಿಗೂ ಒಂದು ಮಾತು ಹೇಳಬೇಕೆನಿಸುತ್ತದೆ. ಈ ಪ್ರಾಣಿ ಮರಿ ಹಾಕಿದ ದಾಖಲೆ ವರ್ಷದ ಬಹುತೇಕ ತಿಂಗಳುಗಳಲ್ಲಿ ಇರುವುದರಿಂದ, ಇದು ಮರಿಯ ಕಾಲವಲ್ಲ ಎಂದು ನಂಬಿ ಕೂರುವಂತಿಲ್ಲ. ತೋಟಕ್ಕೋ ಕೊಟ್ಟಿಗೆಗೋ ಬಂದ ಚಿಪ್ಪುಹಂದಿಯನ್ನು ಹಿಡಿದು ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದ ದಟ್ಟ ಕಾಡಿಗೆ ಬಿಟ್ಟು ಫೋಟೊ ತೆಗೆಸಿಕೊಳ್ಳುವುದು ಒಳ್ಳೆಯ ಮನಸ್ಸಿನಿಂದಲೇ ಇರಬಹುದು; ಅದು ಹಾಲೂಡುವ ಹೆಣ್ಣಾಗಿದ್ದರೆ ಬಿಲದ ಮರಿಯ ಪಾಲಿಗೆ ಕಳ್ಳನೂ ರಕ್ಷಕನೂ ಒಂದೇ. ಎದೆಯ ಎರಡು ಮೊಲೆಗಳನ್ನು ಗಮನಿಸಿ, ಹಾಲಿನ ಗುರುತಿದ್ದರೆ, ಇಲ್ಲವೇ ಖಚಿತವಾಗದಿದ್ದರೆ, ಸಿಕ್ಕಿದ ಜಾಗದ ಹತ್ತಿರವೇ ಅದೇ ರಾತ್ರಿ ಬಿಡುವುದು ಮೇಲು. ಬಂಧಿತರನ್ನು ವಿಚಾರಿಸುವಾಗ ಕೊಳ್ಳುವವರು ಯಾರು ಎಂದು ಕೇಳುವುದರ ಜೊತೆಗೆ ಪ್ರಾಣಿಯನ್ನು ಎಲ್ಲಿಂದ ಎತ್ತಿದಿರಿ ಎಂದು ಕೇಳಿ ಆ ಬಿಲದವರೆಗೆ ಹೋಗಿ ನೋಡುವುದೂ ತನಿಖೆಯ ಭಾಗವಾಗಬೇಕು.

ನಮ್ಮ ಕೃಷಿಕ ಬಂಧುಗಳ ಬೇಲಿಯ ವಿಷಯವೂ ಇದೆ. ಹಂದಿ, ಕಾಡುಕೋಣಗಳ ಕಾಟಕ್ಕೆ ಈಗ ಮನೆಮನೆಯಲ್ಲಿ ಸೋಲಾರ್ ಬೇಲಿ ಬಂದಿದೆ, ನನ್ನ ತೋಟಕ್ಕೂ ಇದೆ. ದಕ್ಷಿಣ ಆಫ್ರಿಕದಲ್ಲಿ ಚಿಪ್ಪುಹಂದಿಗಳ ಸಾವಿಗೆ ದೊಡ್ಡ ಕಾರಣಗಳಲ್ಲೊಂದು ವಿದ್ಯುತ್ ಬೇಲಿಯ ಕೆಳತಂತಿ: ತಂತಿ ತಾಗಿದೊಡನೆ ಬೇರೆ ಪ್ರಾಣಿ ಹಿಂದೆ ಹಾರಿದರೆ ಇದು ತನ್ನ ಅಭ್ಯಾಸದಂತೆ ತಂತಿಯನ್ನೇ ಒಳಗಿಟ್ಟುಕೊಂಡು ಮುದುಡುತ್ತದೆ, ಪೆಟ್ಟಿನ ಮೇಲೆ ಪೆಟ್ಟು ತಿಂದು ಸಾಯುತ್ತದೆ. ನಾನು ನನ್ನ ಬೇಲಿಯ ಕೆಳತಂತಿಯನ್ನು ಬೆಟ್ಟದ ಮಗ್ಗುಲಲ್ಲಿ ಒಂದು ಗೇಣು ಮೇಲಕ್ಕೆ ಕಟ್ಟಿಸಿದ್ದೇನೆ. ಹಂದಿಯನ್ನು ತಡೆಯಲು ಅಷ್ಟು ಎತ್ತರವೂ ಸಾಕಾಗಿದೆ. ಹೋದ ಮಳೆಗಾಲ ಕಳೆದ ಮೇಲೆ ಆ ಮಗ್ಗುಲಿನ ಹುತ್ತವೊಂದರ ಬುಡದಲ್ಲಿ ಮತ್ತೆ ತೂತು ಬಿದ್ದಿತ್ತು. ಮಣ್ಣಿನ ಮೇಲೆ ದಪ್ಪ ಗೆರೆಯೊಂದು, ಅದರ ಪಕ್ಕದಲ್ಲಿ ಅಲ್ಲಲ್ಲಿ ಕಿರುಬೆರಳ ದಪ್ಪದ ಇನ್ನೊಂದು ಗೆರೆ.

ಕೊನೆಯದಾಗಿ ಒಂದು ಕೋರಿಕೆ. ಕಳೆದ ವಾರ ಸಿಕ್ಕ ಚಿಪ್ಪುಹಂದಿಯನ್ನು ವಶಕ್ಕೆ ಪಡೆದವರು ಈ ಹೊತ್ತಿಗೆ ಅದನ್ನು ಎಲ್ಲೋ ಬಿಟ್ಟಿರುತ್ತಾರೆ ಅಥವಾ ಎಲ್ಲೋ ಇಟ್ಟಿರುತ್ತಾರೆ. ನಿಮ್ಮ ವರದಿಗಾರರು ಇನ್ನೊಮ್ಮೆ ಫೋನ್ ಮಾಡಿ, ಅದು ಗಂಡೇ ಹೆಣ್ಣೇ, ಹೆಣ್ಣಾಗಿದ್ದರೆ ಹಾಲಿತ್ತೇ, ಎತ್ತಿದ ಬಿಲವನ್ನು ಯಾರಾದರೂ ಹೋಗಿ ನೋಡಿದರೇ ಎಂದು ವಿಚಾರಿಸಿ, ಅದೇ ಪುಟದಲ್ಲಿ ಎರಡು ಸಾಲು ಪ್ರಕಟಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಜೀವಶಾಸ್ತ್ರ ಶಿಕ್ಷಕ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ